ಹೊಸಬರ ತರಬೇತಿಗೆ ಹ್ಯಾಂಗ್ ಗ್ಲೈಡರ್: ವಿನ್ಯಾಸದಲ್ಲಿ ಏನೇನು ನೋಡಬೇಕು?

ಹೊಸರೆಕ್ಕೆ
ಎಲ್ಲರಿಗೂ ನಮಸ್ಕಾರ. ತರಬೇತಿಗೆಂದೇ ಹ್ಯಾಂಗ್ ಗ್ಲೈಡರ್ (ಪೈಲಟ್ ಕೆಳಗೆ ತೂಗಾಡುತ್ತಾ ಹಾರಿಸುವ ಬಟ್ಟೆಯ ರೆಕ್ಕೆ) ಆರಿಸುವುದಿದೆ. ಕಲಿಯುವವರ ತೂಕ 50 ಕೆ.ಜಿ.ಯಿಂದ 95 ಕೆ.ಜಿ.ವರೆಗೆ. ಜಾಗ ಸುಮಾರು 25 ಮೀಟರ್ ಎತ್ತರದ ಹುಲ್ಲಿನ ಇಳಿಜಾರು. ಕಂಪನಿಗಳು ‘ಹೊಸಬರಿಗೆ ಸುಲಭ’ ಅಂತ ಬರೆದಿರುತ್ತವೆ, ಯಾಕೆ ಸುಲಭ ಅಂತ ಬರೆದಿರುವುದಿಲ್ಲ. ಸೈಲ್ (ರೆಕ್ಕೆಯ ಬಟ್ಟೆ) ಒಂದೇ ಪದರದ್ದು ಸಾಕೇ? ರೆಕ್ಕೆ ದೊಡ್ಡದಾದಷ್ಟೂ ನಿಧಾನ ಅನ್ನುತ್ತಾರೆ, ಹಾಗಾದರೆ ದೊಡ್ಡದೇ ಒಂದು ತಂದರೆ ಎಲ್ಲರಿಗೂ ಆಗುವುದಿಲ್ಲವೇ?

ಇಳಿಜಾರು
ಒಂದೇ ಪದರದ್ದೇ ಬೇಕು. ಎರಡು ಪದರದ ರೆಕ್ಕೆಯಲ್ಲಿ ಕ್ರಾಸ್‌ಬಾರ್ (ರೆಕ್ಕೆಯ ಅಡ್ಡ ಕೊಳವೆ) ಬಟ್ಟೆಯೊಳಗೆ ಅಡಗಿರುತ್ತದೆ, ಗಾಳಿಯ ಎಳೆತ ಕಡಿಮೆ, ಮೂಗು ಸ್ವಲ್ಪ ಬಗ್ಗಿದರೂ ವೇಗ ಏರಿಬಿಡುತ್ತದೆ. ಒಂದು ಪದರದ್ದರಲ್ಲಿ ಕ್ರಾಸ್‌ಬಾರ್, ತಂತಿ, ಕಿಂಗ್‌ಪೋಸ್ಟ್ (ರೆಕ್ಕೆಯ ಮೇಲೆ ನಿಂತ ಕಂಬ) ಎಲ್ಲವೂ ಗಾಳಿಗೆ ಒಡ್ಡಿಕೊಂಡಿರುತ್ತವೆ. ಆ ಎಳೆತವೇ ಹೊಸಬರ ಕಾವಲು. ಗಾಬರಿಯಲ್ಲಿ ಬಾರ್ (ಕೈಯಲ್ಲಿ ಹಿಡಿಯುವ ತ್ರಿಕೋನ ಚೌಕಟ್ಟು) ಎದೆಗೆ ಎಳೆದುಕೊಂಡರೂ ವೇಗ ತಟಕ್ಕನೆ ಏರುವುದಿಲ್ಲ, ಇಳಿಯುವಾಗ ನೆಲದ ಮೇಲೆ ತೇಲುತ್ತಾ ದೂರ ಹೋಗುವುದೂ ಇಲ್ಲ. ವಿಲ್ಸ್ ವಿಂಗ್ ಫಾಲ್ಕನ್, ಮೋಯೆಸ್ ಮಾಲಿಬು, ಏರೋಸ್ ಟಾರ್ಗೆಟ್ ಎಲ್ಲ ಈ ಜಾತಿಯವೇ.

ನಿಮ್ಮ ಇಳಿಜಾರಿಗೇ ಲೆಕ್ಕ ಹಾಕಿ. 25 ಮೀಟರ್ ಎತ್ತರ, 4 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿತ ಅಂದುಕೊಳ್ಳೋಣ. ಮೇಲಿನಿಂದ ಬುಡಕ್ಕೆ ಅಡ್ಡಲಾಗಿ 100 ಮೀಟರ್. ಗ್ಲೈಡ್ 8ಕ್ಕೆ 1 ಇರುವ (8 ಮೀಟರ್ ಮುಂದೆ ಹೋದರೆ 1 ಮೀಟರ್ ಇಳಿಯುವ) ರೆಕ್ಕೆ ಆ 100 ಮೀಟರಿನಲ್ಲಿ 12.5 ಮೀಟರ್ ಕಳೆದುಕೊಂಡು, ಬುಡದ ಮೇಲೆ ಬರುವಾಗ ಇನ್ನೂ 12.5 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಮುಂದೆ ಮತ್ತೆ 100 ಮೀಟರ್ ಬಯಲು ಬೇಕು. ಅದೇ 12ಕ್ಕೆ 1ರ ರೆಕ್ಕೆಯಾದರೆ ಬುಡದಲ್ಲಿ 16 ಮೀಟರಿಗೂ ಹೆಚ್ಚು ಎತ್ತರ, ಮುಂದೆ 200 ಮೀಟರ್ ಬಯಲು. ಇದು ಗಾಳಿ ಇಲ್ಲದಾಗಿನ ಲೆಕ್ಕ. ಎದುರುಗಾಳಿ ಇದ್ದರೆ ದೂರ ಕಡಿಮೆಯಾಗುತ್ತದೆ. ಅಂದರೆ ಗ್ಲೈಡ್ ಹೆಚ್ಚಿದಷ್ಟೂ ಹೊಸಬರು ನೆಲದಿಂದ ಹೆಚ್ಚು ದೂರ ಇರುತ್ತಾರೆ. ಮೊದಲ ದಿನಗಳಲ್ಲಿ ಅದು ಯಾರಿಗೂ ಬೇಡ.

ವಿ.ಜಿ. ಹಗ್ಗ (ಹಾರುವಾಗಲೇ ಸೈಲ್ ಬಿಗಿತ ಬದಲಿಸುವಂಥದ್ದು) ಇರುವ ರೆಕ್ಕೆ ನೋಡಲೇಬೇಡಿ. ಎಳೆದು ಬಿಡಲು ಇನ್ನೊಂದು ಹಗ್ಗ ಕೊಟ್ಟರೆ ಗಮನ ಅಲ್ಲಿಗೇ ಹೋಗುತ್ತದೆ.

ಲೆಕ್ಕದಪುಸ್ತಕ
ಗಾತ್ರದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಸ್ಟಾಲ್ ವೇಗ (ಇದಕ್ಕಿಂತ ನಿಧಾನವಾದರೆ ರೆಕ್ಕೆ ಎತ್ತಲಾರದು) ವಿಂಗ್ ಲೋಡಿಂಗ್‌ನ (ರೆಕ್ಕೆಯ ಚದರ ಮೀಟರಿಗೆ ಬೀಳುವ ತೂಕ) ವರ್ಗಮೂಲದ ಜೊತೆ ಏರುತ್ತದೆ, ಇಳಿಯುತ್ತದೆ. ರೆಕ್ಕೆ 18 ಚದರ ಮೀಟರ್, ಅದರ ತೂಕ 22 ಕೆ.ಜಿ., ಹಾರ್ನೆಸ್ (ಪೈಲಟ್ ತೂಗುವ ಪಟ್ಟಿಗಳ ಉಡುಪು) ಮತ್ತು ಹೆಲ್ಮೆಟ್ ಸೇರಿ 6 ಕೆ.ಜಿ. ಅಂತಿಟ್ಟುಕೊಳ್ಳಿ. ಸಮುದ್ರಮಟ್ಟದ ಗಾಳಿಯಲ್ಲಿ ಲಿಫ್ಟ್ (ಎತ್ತುವ ಬಲ) ಗುಣಾಂಕ 1.5 ಹಿಡಿದರೆ:

75 ಕೆ.ಜಿ.ಯವರು ಹಾರಿದಾಗ ಒಟ್ಟು 103 ಕೆ.ಜಿ., ಚದರ ಮೀಟರಿಗೆ 5.7 ಕೆ.ಜಿ., ಸ್ಟಾಲ್ ಸುಮಾರು ಗಂಟೆಗೆ 28 ಕಿ.ಮೀ.
60 ಕೆ.ಜಿ.ಯವರಿಗೆ 26.
90 ಕೆ.ಜಿ.ಯವರಿಗೆ 30.
60 ಕೆ.ಜಿ.ಯವರನ್ನು 24 ಕೆ.ಜಿ. ತೂಗುವ 21 ಚದರ ಮೀಟರಿನ ರೆಕ್ಕೆಗೆ ಹಾಕಿದರೆ 24ರ ಆಸುಪಾಸು.

ಎದುರುಗಾಳಿ 12 ಕಿ.ಮೀ. ಇದ್ದರೆ 75 ಕೆ.ಜಿ.ಯವರು ನೆಲದ ಮೇಲೆ 16 ಕಿ.ಮೀ. ವೇಗದಲ್ಲಿ ಓಡಿದರೆ ಕಾಲು ನೆಲ ಬಿಡುವ ಹಂತ. ಇಳಿಜಾರಿನಲ್ಲಿ ಗ್ಲೈಡರ್ ಹೊತ್ತು ಆ ವೇಗ ಮುಟ್ಟಬಹುದು. ಜಾಗ ಸಮುದ್ರಮಟ್ಟದಿಂದ 1500 ಮೀಟರ್ ಮೇಲಿದ್ದರೆ ಗಾಳಿ ತೆಳುವಾಗಿ ಇದೇ ಸಂಖ್ಯೆಗಳು ಶೇ. 7–8ರಷ್ಟು ಏರುತ್ತವೆ. ಅಂದರೆ ಅದೇ ಓಟ 18ಕ್ಕೆ ಹೋಯಿತು.

ಇಷ್ಟು ನೋಡಿದರೆ ‘ದೊಡ್ಡದೇ ಒಳ್ಳೆಯದು’ ಅನ್ನಿಸುತ್ತದೆ. ಅನಿಸಿಕೆ ಮುರಿಯುವುದು ಓರೆಯಾಗಿಸುವ ವಿಷಯದಲ್ಲಿ. ರೆಕ್ಕೆಯನ್ನು ಓರೆ ಮಾಡುವ ಬಲ ಬರುವುದು ಪೈಲಟ್ ತೂಕ ಮತ್ತು ಅವರು ಪಕ್ಕಕ್ಕೆ ಸರಿದ ದೂರದಿಂದ. 75ರ ಬದಲು 50 ಕೆ.ಜಿ. ಆದರೆ ಆ ಬಲದಲ್ಲಿ ಮೂರನೇ ಒಂದು ಪಾಲು ಹೋಯಿತು. ಇತ್ತ ರೆಕ್ಕೆ ಉದ್ದವಾದಂತೆ ಓರೆಯಾಗಲು ಅದು ಒಡ್ಡುವ ತಡೆ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಮೇಲೆ ವಿಸ್ತೀರ್ಣದ ಪಾಲು ಬೇರೆ. ಹಗುರ ಪೈಲಟ್, ದೊಡ್ಡ ರೆಕ್ಕೆ ಅಂದರೆ ಒಂದು ಬದಿ ಗಾಳಿ ಎತ್ತಿದಾಗ ಅದನ್ನು ಕೆಳಗಿಳಿಸಲು ಅವರಲ್ಲಿ ತೂಕವೇ ಇರುವುದಿಲ್ಲ.

ಮರಳುದಿಬ್ಬ
ಲೆಕ್ಕ ಸರಿ, ಆದರೆ ಮರಳು ದಿಬ್ಬದ ತರಬೇತಿಗೆ ಇದನ್ನೇ ತಂದು ಇಡಬೇಡಿ. ಮರಳಿನಲ್ಲಿ ಕಾಲು ಹೂತು ಓಟವೇ ಬರುವುದಿಲ್ಲ. ಅಲ್ಲಿ ನಾಲ್ಕು ಹೆಜ್ಜೆಗೆ ಎತ್ತಿಕೊಳ್ಳುವ ರೆಕ್ಕೆ ಬೇಕು. ವಿಲ್ಸ್ ವಿಂಗ್‌ನ ಕಾಂಡರ್ 330 ಅಂತಹ ಕೆಲಸಕ್ಕೇ ಮಾಡಿದ್ದು. 330 ಚದರ ಅಡಿ ಅಂದರೆ 30 ಚದರ ಮೀಟರಿಗೂ ಮೇಲೆ. ನಡೆಯುವ ವೇಗಕ್ಕಿಂತ ಸ್ವಲ್ಪ ಹೆಚ್ಚಿನಲ್ಲಿ ಎತ್ತುತ್ತದೆ, ಬೋಧಕರು ಪಕ್ಕದಲ್ಲೇ ಹಗ್ಗ ಹಿಡಿದು ಓಡಬಹುದು.

ಇಳಿಜಾರು
ಒಪ್ಪಿದೆ, ಷರತ್ತುಗಳೊಂದಿಗೆ. ಮಂದವಾದ ಸಮಗಾಳಿ, ಕೆಲವೇ ಮೀಟರ್ ಎತ್ತರ, ಪಕ್ಕದಲ್ಲಿ ಬೋಧಕರು. ಗಾಳಿ ಸ್ವಲ್ಪ ಕುಲುಕಿದರೂ ಅಂತಹ ರೆಕ್ಕೆ ಮಡಚಿಡಬೇಕು. ಹೊಸರೆಕ್ಕೆ ಅವರೇ, ನಿಮ್ಮದು 25 ಮೀಟರ್ ಹುಲ್ಲಿನ ಇಳಿಜಾರು, ತೂಕದ ಅಂತರ 45 ಕೆ.ಜಿ. ಒಂದರಲ್ಲಿ ಮುಗಿಯುವುದಿಲ್ಲ. 15–16 ಚದರ ಮೀಟರಿನದು ಒಂದು, 18–19ರದು ಒಂದು. ಪ್ರತಿ ಮಾದರಿಗೂ ಪೈಲಟ್ ತೂಕದ ಮಿತಿ ಕೊಟ್ಟಿರುತ್ತಾರೆ. ಮಿತಿಯ ಕೆಳತುದಿಯವರಿಗಿಂತ ನಡುವಿನವರಿಗೆ ರೆಕ್ಕೆ ಚೆನ್ನಾಗಿ ಮಾತು ಕೇಳುತ್ತದೆ.

ಹಳೇನಕ್ಷೆ
ಎಲ್ಲರೂ ಕೊಳ್ಳುವ ಮಾತೇ ಆಡುತ್ತಿದ್ದೀರಿ. 1970ರ ದಶಕದ ರೊಗ್ಯಾಲೊ ರೆಕ್ಕೆಯ ನಕ್ಷೆಗಳು ಸಿಗುತ್ತವೆ. ನಾಲ್ಕು ಅಲ್ಯೂಮಿನಿಯಂ ಕೊಳವೆ, ತ್ರಿಕೋನದ ಬಾರ್, ಬಟ್ಟೆ, ತಂತಿ. ಬ್ಯಾಟನ್ (ಬಟ್ಟೆಗೆ ಆಕಾರ ಕೊಡುವ ಕಡ್ಡಿ) ಇಲ್ಲ. ಗ್ಲೈಡ್ 4ಕ್ಕೆ 1, ಮೇಲಿನ ಲೆಕ್ಕದ ಪ್ರಕಾರ ಇಳಿಜಾರಿಗೆ ಅಂಟಿಕೊಂಡೇ ಇಳಿಯುತ್ತದೆ. ತರಬೇತಿಗೆ ಇದಕ್ಕಿಂತ ಇನ್ನೇನು ಬೇಕು?

ಲೆಕ್ಕದಪುಸ್ತಕ
ದಯವಿಟ್ಟು ಬೇಡ. ಆ ರೆಕ್ಕೆಯ ಇತಿಹಾಸಕ್ಕೆ ಗೌರವ ಇದೆ. ಫ್ರಾನ್ಸಿಸ್ ಮತ್ತು ಗರ್ಟ್ರೂಡ್ ರೊಗ್ಯಾಲೊ 1948ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಮೆತ್ತನೆಯ ರೆಕ್ಕೆ ಅದರ ಮೂಲ. 1963ರಲ್ಲಿ ಆಸ್ಟ್ರೇಲಿಯಾದ ಗ್ರಾಫ್ಟನ್‌ನಲ್ಲಿ ಜಾನ್ ಡಿಕೆನ್ಸನ್ ಅದಕ್ಕೆ ತ್ರಿಕೋನದ ಬಾರ್, ತೂಗುವ ಪೈಲಟ್ ಜೋಡಿಸಿದ ಕ್ರಮ ಇವತ್ತಿಗೂ ಹಾಗೇ ಉಳಿದಿದೆ. ಆದರೆ ಮೂಗು ಕೆಳಗಾದಾಗ ಆ ಹಳೆ ಸೈಲ್ ಏನು ಮಾಡುತ್ತದೆ ನೋಡಿ. ಗಾಳಿ ತಾಗುವ ಕೋನ ತೀರಾ ಕಡಿಮೆಯಾದರೆ ಬಟ್ಟೆ ಉಬ್ಬು ಕಳೆದುಕೊಂಡು ಬಾವುಟದಂತೆ ಬಡಿದುಕೊಳ್ಳುತ್ತದೆ. ಬಡಿದುಕೊಳ್ಳುವ ಬಟ್ಟೆ ಮೂಗನ್ನು ಮೇಲೆತ್ತಲಾರದು. ಪೈಲಟ್ ಬಾರನ್ನು ಎಷ್ಟು ಮುಂದೆ ತಳ್ಳಿದರೂ ರೆಕ್ಕೆ ಡೈವ್‌ನಿಂದ ಹೊರಗೆ ಬರುವುದಿಲ್ಲ. ಲಫಿಂಗ್ ಡೈವ್ ಅಂದರೆ ಇದೇ, ಆ ದಶಕದಲ್ಲಿ ಜೀವಗಳನ್ನು ತೆಗೆದದ್ದು.

ಈಗಿನ ತರಬೇತಿ ರೆಕ್ಕೆಯಲ್ಲಿ ಕಿಂಗ್‌ಪೋಸ್ಟ್ ತುದಿಯಿಂದ ಸೈಲ್‌ನ ಹಿಂದಿನ ಅಂಚಿಗೆ ಸಣ್ಣ ದಾರಗಳು ಇಳಿದಿರುತ್ತವೆ. ಅವೇ ಲಫ್ ಲೈನ್. ಮಾಮೂಲಿ ಹಾರಾಟದಲ್ಲಿ ಸಡಿಲವಾಗಿ ತೂಗಾಡುತ್ತವೆ, ಯಾವ ಕೆಲಸವೂ ಇಲ್ಲ. ಕೋನ ತೀರಾ ಇಳಿದಾಗ ಹಿಂದಿನ ಅಂಚು ಕೆಳಕ್ಕೆ ಕುಸಿಯಲು ಹೋಗುತ್ತದೆ, ದಾರ ಬಿಗಿಯಾಗಿ ಅಂಚನ್ನು ಮೇಲೇ ಹಿಡಿಯುತ್ತದೆ. ಮೇಲೆ ನಿಂತ ಅಂಚಿಗೆ ಗಾಳಿ ಬಡಿದು ರೆಕ್ಕೆಯ ಬಾಲ ಕೆಳಕ್ಕೆ, ಮೂಗು ಮೇಲಕ್ಕೆ. ಪೈಲಟ್ ಏನೂ ಮಾಡಬೇಕಿಲ್ಲ.

ಹಳೇನಕ್ಷೆ
ಹಾಗಾದರೆ ಹಳೆ ನಕ್ಷೆಗೇ ನಾಲ್ಕು ದಾರ ಕಟ್ಟಿದರೆ ಆಯಿತಲ್ಲ?

ತಂತಿತಿರುಪು
ಆಗುವುದಿಲ್ಲ ಮಾರಾಯ್ರೇ. ದಾರ ಎಳೆಯುವುದು ಒಂದು ಬಿಂದುವನ್ನು. ಆ ಬಿಂದುವಿನಿಂದ ಮುಂದಿನ ಅಂಚಿನವರೆಗೆ ಬಟ್ಟೆಯ ಆಕಾರ ಹಿಡಿಯಲು ಗಟ್ಟಿ ಬ್ಯಾಟನ್ ಬೇಕು. ಬ್ಯಾಟನ್ ಇಲ್ಲದ ಸೈಲ್‌ನಲ್ಲಿ ದಾರ ಕಟ್ಟಿದ ಮೂಲೆ ಮಾತ್ರ ಮೇಲೇಳುತ್ತದೆ, ಉಳಿದದ್ದು ಬಡಿದುಕೊಳ್ಳುತ್ತಲೇ ಇರುತ್ತದೆ. ದಾರದ ಉದ್ದವೂ ಅಂದಾಜಿನಲ್ಲಿ ಬರುವಂಥದ್ದಲ್ಲ. ಉದ್ದವಾದರೆ ಸಮಯಕ್ಕೆ ಬಿಗಿಯಾಗುವುದಿಲ್ಲ, ಗಿಡ್ಡವಾದರೆ ಮಾಮೂಲಿ ಹಾರಾಟದಲ್ಲೇ ಎಳೆದು ಹಿಡಿಯುತ್ತದೆ. ತಯಾರಕರು ರೆಕ್ಕೆಯನ್ನು ವಾಹನದ ಮೇಲೆ ಕಟ್ಟಿ, ಬೇರೆ ಬೇರೆ ಕೋನ, ಬೇರೆ ಬೇರೆ ವೇಗದಲ್ಲಿ ಓಡಿಸಿ, ಮೂಗು ಮೇಲೇಳುವ ಬಲ ಅಳೆದೇ ಇದನ್ನು ಗೊತ್ತುಮಾಡುತ್ತಾರೆ. ಅಮೆರಿಕದ ಎಚ್.ಜಿ.ಎಂ.ಎ. (ಗ್ಲೈಡರ್ ತಯಾರಕರ ಸಂಘ), ಜರ್ಮನಿಯ ಡಿ.ಎಚ್.ವಿ. (ಹ್ಯಾಂಗ್ ಗ್ಲೈಡಿಂಗ್ ಸಂಘ) ಪ್ರಮಾಣಪತ್ರ ಇರುವ ರೆಕ್ಕೆಯನ್ನೇ ತೆಗೆದುಕೊಳ್ಳಿ ಅನ್ನುವುದು ಇದಕ್ಕಾಗಿ.

ಇನ್ನೊಂದು. ರೆಕ್ಕೆ ಬಿಡಿಸುವಾಗ ಲಫ್ ಲೈನ್ ಬ್ಯಾಟನ್ ತುದಿಗೆ ಸಿಕ್ಕಿಕೊಳ್ಳುವುದು ಬಲು ಸಾಮಾನ್ಯ. ಎಲ್ಲ ಬಿಗಿ ಮಾಡಿದ ಮೇಲೆ ಹಿಂದೆ ನಿಂತು, ಎರಡೂ ಬದಿಯ ದಾರ ಬಿಡಿಯಾಗಿ ತೂಗುತ್ತಿವೆಯೇ ಅಂತ ಕೈಯಿಂದ ಮುಟ್ಟಿ ನೋಡಬೇಕು. ಕಣ್ಣಿನಲ್ಲಿ ನೋಡಿ ‘ಸರಿಯಿದೆ’ ಅನ್ನುವವರೇ ಜಾಸ್ತಿ.

ಹೊಸರೆಕ್ಕೆ
ಡೈವ್ ಅರ್ಥವಾಯಿತು. ಸ್ಟಾಲ್? ಹೊಸಬರು ಹೆಚ್ಚಾಗಿ ಮಾಡುವುದು ಬಾರ್ ಮುಂದೆ ತಳ್ಳುವ ತಪ್ಪಲ್ಲವೇ?

ಲೆಕ್ಕದಪುಸ್ತಕ
ಹೌದು, ಅದಕ್ಕೆ ಉತ್ತರ ವಾಶ್‌ಔಟ್. ನಡುವಿನಿಂದ ತುದಿಗೆ ಹೋಗುತ್ತಾ ರೆಕ್ಕೆ ತಿರುಚಿಕೊಂಡು, ತುದಿಯ ಕೋನ ನಡುವಿಗಿಂತ ಸಾಕಷ್ಟು ಕಡಿಮೆ ಇರುತ್ತದೆ. ಒಂದು ಪದರದ ತರಬೇತಿ ರೆಕ್ಕೆಯನ್ನು ಹಿಂದಿನಿಂದ ನೋಡಿದರೆ ಬರಿಗಣ್ಣಿಗೇ ಕಾಣುತ್ತದೆ. ಕೋನ ಹೆಚ್ಚಿಸಿದಾಗ ನಡುಭಾಗ ಮೊದಲು ಸ್ಟಾಲ್ ಆಗುತ್ತದೆ, ತುದಿಗಳು ಇನ್ನೂ ಎತ್ತುತ್ತಿರುತ್ತವೆ. ರೆಕ್ಕೆ ಹಿಂದಕ್ಕೆ ಬಾಗಿರುವುದರಿಂದ ತುದಿಗಳು ತೂಕದ ಕೇಂದ್ರಕ್ಕಿಂತ ಹಿಂದಿವೆ. ಮುಂದಿನ ಎತ್ತುವಿಕೆ ಹೋಯಿತು, ಹಿಂದಿನದು ಉಳಿಯಿತು, ಮೂಗು ತಾನಾಗಿ ಬಾಗಿ ವೇಗ ವಾಪಸ್ ಬರುತ್ತದೆ. ಎರಡೂ ತುದಿ ಎತ್ತುತ್ತಿರುವುದರಿಂದ ಒಂದು ಬದಿಗೆ ಬಿದ್ದು ಸುತ್ತುವ ಅಪಾಯವೂ ಕಡಿಮೆ.

ಎತ್ತರ ಇದ್ದಾಗ ಮಾತ್ರ ಇದೆಲ್ಲ ಸುಖ. ನೆಲದಿಂದ 3 ಮೀಟರ್ ಮೇಲೆ ಮೂಗು ತಾನಾಗಿ ಬಾಗಿದರೆ ಬಾಗಿದ್ದು ನೆಲಕ್ಕೇ. ಹಾಗಾಗಿ ಟ್ರಿಮ್ ಕೂಡ ನೋಡಬೇಕು. ಬಾರಿನಿಂದ ಕೈ ತೆಗೆದರೆ ರೆಕ್ಕೆ ಸ್ಟಾಲ್‌ಗಿಂತ 5–8 ಕಿ.ಮೀ. ಮೇಲಿನ ವೇಗದಲ್ಲಿ ತಾನೇ ಹಾರಬೇಕು. ತೂಗುವ ಬಿಂದುವನ್ನು ಕೀಲ್ (ಮೂಗಿನಿಂದ ಬಾಲಕ್ಕೆ ಹೋಗುವ ನಡುವಿನ ಕೊಳವೆ) ಮೇಲೆ ಮುಂದೆ ಸರಿಸಿದರೆ ಟ್ರಿಮ್ ವೇಗ ಏರುತ್ತದೆ, ಹಿಂದೆ ಸರಿಸಿದರೆ ಇಳಿಯುತ್ತದೆ. ತೂತು ತೂತಾಗಿ ಗುರುತು ಇರುವ ವ್ಯವಸ್ಥೆ ಒಳ್ಳೆಯದು. ಒಂದು ಸಲಕ್ಕೆ ಒಂದೇ ತೂತು.

ಇಳಿಜಾರು
ಬಾರ್ ಒತ್ತಡದ ಬಗ್ಗೆ ಒಂದು ಮಾತು. ಬಾರ್ ಬೆಣ್ಣೆಯ ಹಾಗೆ ಸರಿಯಬೇಕು ಅಂತ ಕೇಳುವವರಿದ್ದಾರೆ. ತರಬೇತಿಗೆ ಅದು ತಪ್ಪು. ಎಳೆದಾಗ ವಾಪಸ್ ಮುಂದಕ್ಕೆ ತಳ್ಳುವ ಹದವಾದ ಒತ್ತಡ ಕೈಗೆ ಸಿಗಬೇಕು. ಹೊಸಬರಿಗೆ ವೇಗ ಗೊತ್ತಾಗುವುದೇ ಆ ಒತ್ತಡದಿಂದ ಮತ್ತು ಕಿವಿಯ ಪಕ್ಕದ ಗಾಳಿಯ ಸದ್ದಿನಿಂದ. ಒತ್ತಡ ತೀರಾ ಕಡಿಮೆ ಇದ್ದರೆ ಎಳೆದದ್ದು ಜಾಸ್ತಿ, ತಳ್ಳಿದ್ದು ಜಾಸ್ತಿ, ರೆಕ್ಕೆ ಏರಿಳಿಯುತ್ತಾ ಹೋಗುತ್ತದೆ.

ಪಕ್ಕಕ್ಕೆ ಮಾತ್ರ ಬೇಗ ಮಾತು ಕೇಳಬೇಕು. ತಡವಾಗಿ ಓರೆಯಾಗುವ ರೆಕ್ಕೆಯಲ್ಲಿ ಹೊಸಬರು ಸರಿದು ಕಾಯುವುದಿಲ್ಲ, ಇನ್ನೂ ಸರಿಯುತ್ತಾರೆ. ಆಮೇಲೆ ಎರಡು ಸಲ ಸರಿದದ್ದರ ಪರಿಣಾಮವೂ ಒಟ್ಟಿಗೆ ಬರುತ್ತದೆ.

ತಂತಿತಿರುಪು
ರೆಕ್ಕೆ ಪಕ್ಕಕ್ಕೆ ಬೇಗ ಮಾತು ಕೇಳಲು ಕಾರಣವಾಗುವ ಭಾಗ ಕ್ರಾಸ್‌ಬಾರ್‌ನ ನಡುವಿನ ಜೋಡಣೆ. ಕ್ರಾಸ್‌ಬಾರ್ ಕೀಲ್‌ಗೆ ಬಿಗಿಯಾಗಿ ಕೂತಿರಬಾರದು, ಕೀಲ್ ಅದರ ಕೆಳಗೆ ಕೆಲವು ಸೆಂಟಿಮೀಟರ್ ಆಚೀಚೆ ಸರಿಯಬೇಕು. ಪೈಲಟ್ ಬಲಕ್ಕೆ ಸರಿದಾಗ ಕೀಲ್ ಕೂಡ ಬಲಕ್ಕೆ ಹೋಗಿ, ಬಲಭಾಗದ ಸೈಲ್ ಸಡಿಲ, ಎಡಭಾಗದ್ದು ಬಿಗಿ. ಸಡಿಲವಾದ ಬದಿ ಹೆಚ್ಚು ತಿರುಚಿ ಕೆಳಗಾಗುತ್ತದೆ. ಅಂದರೆ ತಿರುವಿನಲ್ಲಿ ಸೈಲ್ ಕೂಡ ಪೈಲಟ್ ಜೊತೆ ಕೈಜೋಡಿಸುತ್ತದೆ. ನಡುವಿನ ಪಟ್ಟಿಯನ್ನು ಯಾರಾದರೂ ಬಿಗಿಯಾಗಿ ಕಟ್ಟಿಟ್ಟರೆ ಅದೇ ರೆಕ್ಕೆ ಮರದ ಹಲಗೆಯಾಗುತ್ತದೆ.

ಈಗ ಬಾರಿನ ವಿಷಯ, ಖರ್ಚು ಇಲ್ಲೇ ಇರುವುದು. ತರಬೇತಿಯಲ್ಲಿ ಮೊದಲು ಬಾಗುವುದು ಡೌನ್‌ಟ್ಯೂಬ್ (ಬಾರಿನ ಎರಡು ಪಕ್ಕದ ಕೊಳವೆ). ಬಾಗಲಿಕ್ಕೇ ಅದು ಇರುವುದು. ಗುಂಡಗಿನ, ನೇರವಾದ, 28–30 ಮಿ.ಮೀ. ವ್ಯಾಸದ ಅಲ್ಯೂಮಿನಿಯಂ ಕೊಳವೆ ಇರುವ ಮಾದರಿ ಆರಿಸಿ. ಗಾಳಿ ಸೀಳುವ ಚಪ್ಪಟೆ ಕೊಳವೆ ದುಬಾರಿ, ಹಿಡಿತಕ್ಕೂ ಹಿತವಿಲ್ಲ. ‘ಬಾಗುತ್ತಲೇ ಇದೆ’ ಅಂತ ಗಟ್ಟಿ ಕೊಳವೆ ಹಾಕಿದರೆ ಪೆಟ್ಟು ಕೀಲ್‌ಗೆ, ಕ್ರಾಸ್‌ಬಾರ್‌ಗೆ, ಕಡೆಗೆ ಪೈಲಟ್ ತೋಳಿಗೆ ಹೋಗುತ್ತದೆ.

ಬಾಗಿದ ಡೌನ್‌ಟ್ಯೂಬನ್ನು ಮೊಣಕಾಲಿಗೆ ಒತ್ತಿ ನೆಟ್ಟಗೆ ಮಾಡಿ ಮತ್ತೆ ಹಾಕುವುದು ಎಲ್ಲ ಕಡೆ ನಡೆಯುವ ಕೆಟ್ಟ ಚಾಳಿ. ಹಾರುವಾಗ ಪಕ್ಕದ ತಂತಿಗಳು ಬಾರಿನ ಮೂಲೆಗಳನ್ನು ಮೇಲಕ್ಕೆ ಎಳೆಯುತ್ತವೆ, ಹಾಗಾಗಿ ಡೌನ್‌ಟ್ಯೂಬ್ ಮೇಲೆ ಬೀಳುವುದು ಒತ್ತುವ ಭಾರ. ಒಮ್ಮೆ ಬಾಗಿದ ಕೊಳವೆ ಒತ್ತಿದಾಗ ಅದೇ ಜಾಗದಲ್ಲಿ ಮತ್ತೆ ಮಡಚುತ್ತದೆ. ಬದಲಿ ಕೊಳವೆ ಅದೇ ಮಿಶ್ರಲೋಹ, ಅದೇ ದಪ್ಪ, ಅದೇ ಉದ್ದದ್ದು ಇರಬೇಕು. ರೆಕ್ಕೆ ಕೊಳ್ಳುವಾಗಲೇ ಪ್ರತಿ ರೆಕ್ಕೆಗೆ ಕನಿಷ್ಠ ನಾಲ್ಕು ಡೌನ್‌ಟ್ಯೂಬ್, ಒಂದು ಬೇಸ್‌ಬಾರ್ (ಬಾರಿನ ಕೆಳಗಿನ ಅಡ್ಡ ಕೊಳವೆ), ಬೋಲ್ಟು, ನೈಲಾಕ್ ನಟ್ಟು, ಸೇಫ್ಟಿ ರಿಂಗ್ ಹೆಚ್ಚುವರಿ ತರಿಸಿಡಿ.

ಮರಳುದಿಬ್ಬ
ಚಕ್ರ ಮರೆಯಬೇಡಿ. ಬೇಸ್‌ಬಾರ್‌ನ ಎರಡೂ ತುದಿಗೆ 25–30 ಸೆಂ.ಮೀ. ವ್ಯಾಸದ ದಪ್ಪ ಚಕ್ರ. 12–15 ಸೆಂ.ಮೀ.ಯ ಪುಟ್ಟ ಚಕ್ರ ಹುಲ್ಲಿನಲ್ಲಿ ಸಿಕ್ಕಿ, ಮರಳಿನಲ್ಲಿ ಹೂತು ಬಾರನ್ನು ತಟಕ್ಕನೆ ನಿಲ್ಲಿಸುತ್ತದೆ. ಬಾರ್ ನಿಂತರೂ ಪೈಲಟ್ ಮುಂದೆ ತೂಗಿ ಹೋಗುತ್ತಾರೆ, ಮೂಗು ನೆಲಕ್ಕೆ ಬಡಿಯುತ್ತದೆ. ಮರಳಿನ ಜಾಗವಾದರೆ ಸಂಜೆ ಕೊಳವೆಗಳ ಜೋಡಣೆಯನ್ನೆಲ್ಲ ಸಿಹಿನೀರಿನಲ್ಲಿ ತೊಳೆಯಿರಿ. ಸಮುದ್ರದ ಹತ್ತಿರವಾದರೆ ಕೊಳವೆಯ ಒಳಗೂ ನೀರು ಹಾಯಿಸಬೇಕು, ಉಪ್ಪು ಒಳಗಿನಿಂದ ತಿನ್ನುತ್ತದೆ.

ಇಳಿಜಾರು
ಮೂಗು ಬಡಿಯುವ ಹೊತ್ತಿನಲ್ಲಿ ಡೌನ್‌ಟ್ಯೂಬ್ ಬಿಗಿಯಾಗಿ ಹಿಡಿದಿದ್ದರೆ ಮೇಲ್ತೋಳಿನ ಮೂಳೆ ತಿರುಚಿ ಮುರಿಯುತ್ತದೆ. ಆಗ ಕೈ ಬಿಡಬೇಕು ಅನ್ನುವುದನ್ನು ಮೊದಲ ಪಾಠದಲ್ಲೇ ಹೇಳಿಕೊಡಬೇಕು. ದೊಡ್ಡ ಚಕ್ರ ಇದ್ದರೆ ಮೊದಮೊದಲು ಫ್ಲೇರ್ (ಬಾರ್ ತಳ್ಳಿ ಮೂಗೆತ್ತಿ ಕಾಲ ಮೇಲೆ ಇಳಿಯುವುದು) ಮಾಡಿಸದೆ ಉರುಳಿಸಿಯೇ ಇಳಿಸಬಹುದು.

ತೂಗುವ ಎತ್ತರ: ಮಲಗಿದ ಭಂಗಿಯಲ್ಲಿ ಎದೆಗೂ ಬೇಸ್‌ಬಾರ್‌ಗೂ ನಡುವೆ ಸುಮಾರು 10 ಸೆಂ.ಮೀ. ತಗ್ಗಿದರೆ ಬಾರ್ ಎಳೆಯಲು ಜಾಗವಿಲ್ಲ, ಏರಿದರೆ ತೋಳಿಗೆ ಬಲ ಸಾಲದು. ಒಂದೇ ರೆಕ್ಕೆಯನ್ನು ಬೇರೆ ಬೇರೆ ಎತ್ತರದವರು ಬಳಸುವುದರಿಂದ ಉದ್ದ ಬದಲಿಸಬಹುದಾದ ಹ್ಯಾಂಗ್ ಸ್ಟ್ರಾಪ್ (ಪೈಲಟ್ ತೂಗುವ ಪಟ್ಟಿ) ಇರಲಿ, ಜೊತೆಗೆ ಎರಡನೇ ಬ್ಯಾಕಪ್ ಸ್ಟ್ರಾಪ್, ಲಾಕ್ ಇರುವ ಕ್ಯಾರಬೀನರ್ (ಲೋಹದ ಕೊಕ್ಕೆ). ಪ್ರತಿ ಹಾರಾಟಕ್ಕೂ ಮುಂಚೆ ಕೊಕ್ಕೆ ಹಾಕಿ ನೇತಾಡಿ ನೋಡದೆ ಓಡಲೇಬಾರದು.

ಹೊಸರೆಕ್ಕೆ
ಬಳಸಿದ 18 ಚದರ ಮೀಟರಿನ ರೆಕ್ಕೆಯೊಂದು ಸಿಗುವ ಹಾಗಿದೆ. ಮಾರುವವರೇ ‘ಸ್ವಲ್ಪ ಎಡಕ್ಕೆ ಎಳೆಯುತ್ತದೆ’ ಅಂದಿದ್ದಾರೆ. ಬಿಟ್ಟುಬಿಡಲೇ?

ತಂತಿತಿರುಪು
ಬಿಡುವ ಮುಂಚೆ ಈ ಕ್ರಮದಲ್ಲಿ ನೋಡಿ. ಮೊದಲು ಬ್ಯಾಟನ್. ಎಡದ್ದು ಬಲಕ್ಕೆ ಹೋಗಿರುವುದೇ ಅರ್ಧ ದೂರುಗಳಿಗೆ ಕಾರಣ. ತಯಾರಕರ ಅಚ್ಚುಹಾಳೆ ನೆಲದ ಮೇಲೆ ಹಾಸಿ ಒಂದೊಂದನ್ನೂ ಇಟ್ಟು ನೋಡಿ, 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಾಗಿಸಿ ಸರಿಮಾಡಿ. ಆಮೇಲೆ ಎರಡೂ ಬದಿಯ ಬ್ಯಾಟನ್ ಬಿಗಿತ ಒಂದೇ ಇದೆಯೇ ನೋಡಿ.

ಎರಡನೆಯದು ತಂತಿ. ಬಾರಿನ ಮೂಲೆಯಿಂದ ಕ್ರಾಸ್‌ಬಾರ್ ತುದಿಗೆ ಹೋಗುವ ಕೆಳಗಿನ ಪಕ್ಕದ ತಂತಿಗಳನ್ನು ಬಿಚ್ಚಿ, ಒಂದೇ ಮೊಳೆಗೆ ಸಿಕ್ಕಿಸಿ, ಒಟ್ಟಿಗೆ ಎಳೆದು ಉದ್ದ ಹೋಲಿಸಿ. ಗಟ್ಟಿಯಾಗಿ ಇಳಿದ ರೆಕ್ಕೆಯಲ್ಲಿ ಒಂದು ಹಿಗ್ಗಿರುತ್ತದೆ. ಥಿಂಬಲ್ (ತಂತಿಯ ಕುಣಿಕೆಯೊಳಗಿನ ಲೋಹದ ಬಳೆ) ಮೊಟ್ಟೆಯಾಕಾರಕ್ಕೆ ಎಳೆದಿದೆಯೇ, ಸ್ಲೀವ್ (ಕುಣಿಕೆ ಕಚ್ಚಿಹಿಡಿದ ತೋಳು) ಜಾರಿದೆಯೇ, ಕಿಂಕ್ (ಮಡಿಕೆ) ಇದೆಯೇ? ಹತ್ತಿಬಟ್ಟೆ ಹಿಡಿದು ತಂತಿಯುದ್ದಕ್ಕೂ ಸವರಿ, ಎಳೆ ಮುರಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಅನುಮಾನ ಬಂದರೆ ಎರಡೂ ಬದಿ ಬದಲಿಸಿ, ಒಂದೇ ಬದಿ ಬೇಡ. ತರಬೇತಿಗೆ ದುಡಿಯುವ ರೆಕ್ಕೆಯಲ್ಲಿ ಈ ಎರಡು ತಂತಿಗಳನ್ನು ವರ್ಷಕ್ಕೊಮ್ಮೆ ಹೇಗೂ ಬದಲಿಸಬೇಕು.

ಮೂರನೆಯದು ಲೀಡಿಂಗ್ ಎಡ್ಜ್ (ರೆಕ್ಕೆಯ ಮುಂದಿನ ಅಂಚಿನ ಕೊಳವೆ). ಸೈಲ್ ಕಳಚಿ, ಕೊಳವೆಯನ್ನು ನೆಲದ ಮೇಲೆ ಉರುಳಿಸಿ ನೋಡಿ. ಬಾಗಿದ್ದರೆ ಕುಂಟುತ್ತದೆ. ಹಿಂದಿನ ತುಂಡು ಬಾಗಿರುವುದೇ ಹೆಚ್ಚು, ಯಾಕೆಂದರೆ ರೆಕ್ಕೆಯ ತುದಿ ನೆಲಕ್ಕೆ ತಾಗಿದಾಗ ಪೆಟ್ಟು ಬೀಳುವುದು ಅಲ್ಲೇ. ಸೈಲ್ ಕಳಚಿದಾಗಲೇ ಬಟ್ಟೆಯ ಹೊಲಿಗೆ ಎಳೆದು ನೋಡಿ. ಬಿಸಿಲಿಗೆ ಒಣಗಿದ ಡೇಕ್ರಾನ್ (ಸೈಲ್‌ನ ಬಟ್ಟೆ) ಹೊಲಿಗೆಯ ತೂತುಗಳ ಸಾಲಿನಲ್ಲೇ ಸೀಳುತ್ತದೆ. ಸೀಳಿದರೆ ರೆಕ್ಕೆ ಬೇಡ, ಮಾತು ಅಲ್ಲಿಗೇ ಮುಗಿಯಿತು.

ಇಷ್ಟೂ ಸರಿಯಿದ್ದು ಇನ್ನೂ ಎಡಕ್ಕೆ ಎಳೆದರೆ ಮಾತ್ರ ತುದಿಯ ತಿರುಪಿಗೆ (ಅಲ್ಲಿನ ವಾಶ್‌ಔಟ್ ಬದಲಿಸುವುದು ಅದೇ) ಕೈ ಹಾಕಿ.

ಹೊಸರೆಕ್ಕೆ
ಎಡಕ್ಕೆ ಎಳೆದರೆ ಎಡತುದಿಯ ವಾಶ್‌ಔಟ್ ಕಡಿಮೆ ಮಾಡಬೇಕೋ, ಬಲತುದಿಯದು ಹೆಚ್ಚಿಸಬೇಕೋ?

ತಂತಿತಿರುಪು
ಎರಡರಿಂದಲೂ ನೇರವಾಗುತ್ತದೆ, ಆದರೆ ತರಬೇತಿ ರೆಕ್ಕೆಯಲ್ಲಿ ಬಲತುದಿಯದನ್ನೇ ಹೆಚ್ಚಿಸಿ. ಎಡದ್ದು ಕಡಿಮೆ ಮಾಡಿದರೆ ಆ ತುದಿ ಬೇಗ ಸ್ಟಾಲ್ ಆಗುವ ಹಾಗಾಗುತ್ತದೆ, ಲೆಕ್ಕದಪುಸ್ತಕ ಅವರು ಹೇಳಿದ ಲಾಭವೇ ಹೋಗುತ್ತದೆ. ಕೈಪಿಡಿ ಹೇಳುವ ಕನಿಷ್ಠ ಹೆಜ್ಜೆ ಎಷ್ಟೋ ಅಷ್ಟೇ ತಿರುಗಿಸಿ, ಮಾರ್ಕರಿನಲ್ಲಿ ಹಳೆಯ ಜಾಗಕ್ಕೆ ಗೆರೆ ಎಳೆದಿಡಿ. ಆಮೇಲೆ ಇಳಿಜಾರಿನ ಅರ್ಧದಿಂದ, ನೇರ ಎದುರುಗಾಳಿಯಲ್ಲಿ, ಅನುಭವಿ ಪೈಲಟ್ ಒಬ್ಬರು ಹಾರಿಸಿ ನೋಡಲಿ. ಅಡ್ಡಗಾಳಿಯಲ್ಲಿ ಪರೀಕ್ಷೆ ಮಾಡಿದರೆ ಗಾಳಿ ತಳ್ಳಿದ್ದೋ, ರೆಕ್ಕೆ ಎಳೆದದ್ದೋ ಗೊತ್ತಾಗುವುದಿಲ್ಲ.